ಡಬ್ಬಿ ಸಣ್ಣದು, ಬಿಸಿಲು ದೊಡ್ಡದು

ಏಪ್ರಿಲ್ ಬಂದರೆ ನನಗೆ ಬರುವ ಪತ್ರಗಳೆಲ್ಲ ಒಂದೇ ಥರ ಆಗಿಬಿಡುತ್ತವೆ. ಯಾರ ಕಂಪ್ಯೂಟರ್ ಕೇಳಿದರೂ ರೊಟ್ಟಿ ಹಂಚಿನ ಹಾಗೆ ಕಾದಿರುತ್ತದೆ. ಈ ಸಲ ಅರ್ಧಕ್ಕಿಂತ ಜಾಸ್ತಿ ಪತ್ರಗಳು ಸಣ್ಣ ಡಬ್ಬಿಯವು, ಅಂದರೆ ಚಿಕ್ಕ ಕೇಸಿನ ಕಂಪ್ಯೂಟರುಗಳವು. ಮೊಣಕಾಲೆತ್ತರದ ಕ್ಯಾಬಿನೆಟ್ ಈಗ ಯಾರಿಗೂ ಬೇಡ. ಮೇಜಿನ ಮೂಲೆಯಲ್ಲಿ ಕೂರಬೇಕು, ಬ್ಯಾಗಿನಲ್ಲಿ ಹಾಕಿಕೊಂಡು ಒಯ್ಯುವಂತಿರಬೇಕು, ಕೆಲಸ ಮಾತ್ರ ದೊಡ್ಡದರಷ್ಟೇ ಮಾಡಬೇಕು. ಹಾಗಾಗಿ ಈ ತಿಂಗಳ ಪುಟ ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ.

ಹೊಸ ಓದುಗರಿಗೆ ಎರಡು ಮಾತು. ನನ್ನ ರಿಪೇರಿ ಅಂಗಡಿ ಇರುವುದು ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಒಂದು ಓಣಿಯಲ್ಲಿ. ತಲೆ ಮೇಲೆ ಆರ್‌ಸಿಸಿ ಮಾಳಿಗೆ, ಎಸಿ ಇಲ್ಲ. ಗೋಡೆಗೆ ಒಂದು ಥರ್ಮಾಮೀಟರ್, ಅದರ ಪಕ್ಕ ಕ್ಯಾಲೆಂಡರ್. ದಿನಾ ಸಂಜೆ ನಾಲ್ಕಕ್ಕೆ ಕೋಣೆಯ ಉಷ್ಣತೆಯನ್ನು ಆ ದಿನದ ಚೌಕದಲ್ಲಿ ಬರೆಯುವುದು ಹಳೇ ಚಾಳಿ. ಮೇ ತಿಂಗಳ ಹಾಳೆಯಲ್ಲಿ 38ಕ್ಕಿಂತ ಕೆಳಗಿನ ಅಂಕಿ ಹುಡುಕಿದರೆ ಸಿಗುವುದು ಒಂದೋ ಎರಡೋ, ಅದೂ ಮಳೆ ಬಂದ ದಿನ.

ಇನ್ನು ಡಬ್ಬಿಯ ಅಳತೆ. ಕೇಸಿನ ಗಾತ್ರವನ್ನು ಲೀಟರಿನಲ್ಲಿ ಹೇಳುತ್ತಾರೆ. ಉದ್ದ, ಅಗಲ, ಎತ್ತರ ಮೂರನ್ನೂ ಸೆಂಟಿಮೀಟರಿನಲ್ಲಿ ಗುಣಿಸಿ ಸಾವಿರದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. 20ರ ಒಳಗಿದ್ದರೆ ಸಣ್ಣದು ಅನ್ನುವುದು ರೂಢಿ. ಅದರೊಳಗೆ ಸಾಮಾನ್ಯವಾಗಿ ಕೂರುವ ಬೋರ್ಡು, ಅಂದರೆ ಎಲ್ಲ ಭಾಗಗಳನ್ನು ಜೋಡಿಸುವ ಮುಖ್ಯ ಹಲಗೆ, ಮಿನಿ-ಐಟಿಎಕ್ಸ್. ನಾಲ್ಕೂ ಬದಿ 170 ಮಿಲಿಮೀಟರ್, ಒಂದು ಖಡಕ್ ರೊಟ್ಟಿಗಿಂತ ಚಿಕ್ಕದು. ಇನ್ನು ನಿಮ್ಮ ಪತ್ರಗಳು, ಒಂದೊಂದರ ಕೆಳಗೆ ನನ್ನ ಉತ್ತರ.

ಮದುವೆ ವಿಡಿಯೋ ಎಡಿಟಿಂಗ್ ಮಾಡುತ್ತೇನೆ. ಡಿಸೆಂಬರಿನಲ್ಲಿ ಆಸೆಪಟ್ಟು 18 ಲೀಟರಿನ ಕೇಸಿನಲ್ಲಿ ಕಂಪ್ಯೂಟರ್ ಕಟ್ಟಿಸಿದೆ. ಮುಖ್ಯ ಚಿಪ್ಪು (ಸಿಪಿಯು) ರೈಜನ್ 5 7600, ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್, ಸಿಪಿಯು ಮೇಲೆ 37 ಮಿ.ಮೀ. ಎತ್ತರದ ಚಪ್ಪಟೆ ಕೂಲರ್. ಚಳಿಗಾಲದಲ್ಲಿ 80 ಡಿಗ್ರಿ ದಾಟುತ್ತಿರಲಿಲ್ಲ. ಈಗ ಎಕ್ಸ್‌ಪೋರ್ಟ್ (ಮುಗಿದ ಎಡಿಟಿಂಗನ್ನು ವಿಡಿಯೋ ಫೈಲ್ ಮಾಡುವುದು) ಹಾಕಿದ ಎರಡೇ ನಿಮಿಷಕ್ಕೆ 95. ಫ್ಯಾನಿನ ಸದ್ದಿಗೆ ಮಲಗಿದ ಕೂಸು ಏಳುತ್ತದೆ. ಕಟ್ಟಿಕೊಟ್ಟವರನ್ನು ಕೇಳಿದರೆ ‘95 ನಾರ್ಮಲ್ ರೀ’ ಅನ್ನುತ್ತಾರೆ. ಖರೆ ಏನ್ರೀ ಸರ್?
— ವಿಡಿಯೋಗ್ರಾಫರ್, ಸೇಡಂ ರಸ್ತೆ, ಕಲಬುರಗಿ

ಅರ್ಧ ಖರೆ. ಆ ಚಿಪ್ಪಿಗೆ ಎಎಮ್‌ಡಿ ಹಾಕಿರುವ ಮಿತಿ 95 ಡಿಗ್ರಿ. ಅಲ್ಲಿಗೆ ಮುಟ್ಟಿದರೆ ಅದು ಸುಟ್ಟುಹೋಗುವುದಿಲ್ಲ, ತಾನೇ ವೇಗ ಇಳಿಸಿಕೊಳ್ಳುತ್ತದೆ. ಆದರೆ ಜನವರಿಯಲ್ಲಿ 80ರಲ್ಲಿ ನಿಲ್ಲುತ್ತಿದ್ದ ಯಂತ್ರ ಈಗ ಗೋಡೆಗೆ ತಲೆ ಹಚ್ಚಿ ನಿಂತಿದೆ ಅಂದರೆ ನೀವು ಕೊಟ್ಟ ದುಡ್ಡಿನಷ್ಟು ಕೆಲಸ ಅದು ಮಾಡುತ್ತಿಲ್ಲ. ಅದನ್ನು ನಾರ್ಮಲ್ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಕಂಪ್ಯೂಟರಿನ ಶಾಖವನ್ನು ಸೊನ್ನೆಯಿಂದ ಲೆಕ್ಕ ಹಾಕಬೇಡಿ. ಕೋಣೆಯಿಂದ ಹಾಕಿ. ಜನವರಿಯಲ್ಲಿ ನಿಮ್ಮ ಕೋಣೆ 24 ಇತ್ತು ಅಂದುಕೊಳ್ಳೋಣ. ಚಿಪ್ಪು 80 ತೋರಿಸಿತು. ಅಂದರೆ ಕೋಣೆಗಿಂತ 56 ಡಿಗ್ರಿ ಮೇಲೆ. ಅದೇ ಕೆಲಸಕ್ಕೆ ಅದೇ ಕೂಲರಿನಲ್ಲಿ ಆ 56 ಬೇಸಿಗೆಯಲ್ಲೂ ಹೆಚ್ಚೂಕಡಿಮೆ ಹಾಗೇ ಇರುತ್ತದೆ. ಈಗ ಕೋಣೆ 40. ಅದಕ್ಕೆ 56 ಸೇರಿಸಿದರೆ 96. ಮಿತಿ 95. ನಿಮ್ಮ ಕೂಲರ್ ಕೆಟ್ಟಿಲ್ಲ, ಚಿಪ್ಪೂ ಕೆಟ್ಟಿಲ್ಲ. ಕೆಳಗಿನ ನೆಲವೇ 16 ಡಿಗ್ರಿ ಎದ್ದು ನಿಂತಿದೆ. ಇಂಟರ್‌ನೆಟ್ಟಿನಲ್ಲಿ ಯಾರೋ ಎಸಿ ಕೋಣೆಯಲ್ಲಿ 21 ಡಿಗ್ರಿಗೆ ಪರೀಕ್ಷೆ ಮಾಡಿ ‘ಈ ಕೂಲರ್ ಸಾಕು’ ಅಂದದ್ದನ್ನು ನಮ್ಮ ಊರಿನವರು ನಂಬುವುದು ಇಲ್ಲೇ ಎಡವುತ್ತದೆ. ಅವರ ಅಂಕಿಗೆ 20 ಕೂಡಿಸಿಕೊಂಡು ಓದಿ.

ಏನು ಮಾಡಬೇಕು? ಮೊದಲು ಬಿಸಿ ಹುಟ್ಟುವುದನ್ನೇ ಕಡಿಮೆ ಮಾಡಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ನಿಮ್ಮ ಚಿಪ್ಪನ್ನು 65 ವ್ಯಾಟಿನದು ಎಂದು ಕರೆದರೂ ಜೋರು ಕೆಲಸದಲ್ಲಿ ಅದು 88 ವ್ಯಾಟ್‌ವರೆಗೆ ಎಳೆಯುತ್ತದೆ. ಬಯೋಸ್‌ನಲ್ಲಿ, ಅಂದರೆ ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಬೋರ್ಡಿನ ಸೆಟ್ಟಿಂಗ್ ಪುಟದಲ್ಲಿ, ಇಕೋ ಮೋಡ್ ಅಂತ ಇರುತ್ತದೆ. ಅದರಲ್ಲಿ 45 ವ್ಯಾಟ್ ಆರಿಸಿದರೆ ಎಳೆತ 60ರ ಆಸುಪಾಸಿಗೆ ಇಳಿಯುತ್ತದೆ. 88ಕ್ಕೆ 56 ಡಿಗ್ರಿ ಏರಿದರೆ 60ಕ್ಕೆ ಸುಮಾರು 38 ಏರುತ್ತದೆ. 40ಕ್ಕೆ 38 ಕೂಡಿಸಿ, 78. ನನ್ನ ಅಂಗಡಿಯಲ್ಲಿ ಇಂಥದ್ದೇ ಜೋಡಣೆಗೆ ಇದನ್ನು ಮಾಡಿದಾಗ 81 ಬಂತು. ಕಾಗದದ ಲೆಕ್ಕಕ್ಕೂ ಅಂಗಡಿಯ ಲೆಕ್ಕಕ್ಕೂ ಅಷ್ಟು ವ್ಯತ್ಯಾಸ ಇದ್ದೇ ಇರುತ್ತದೆ. 20 ನಿಮಿಷ ಹಿಡಿಯುತ್ತಿದ್ದ ಎಕ್ಸ್‌ಪೋರ್ಟಿಗೆ ಒಂದೂವರೆ ನಿಮಿಷ ಜಾಸ್ತಿ ಹಿಡಿಯಿತು. ಕೂಸು ಮಲಗಿರುವ ಮನೆಯಲ್ಲಿ ಆ ಒಂದೂವರೆ ನಿಮಿಷ ಏನು ದೊಡ್ಡದಲ್ಲ, ಅಲ್ವಾ?

ಗ್ರಾಫಿಕ್ಸ್ ಕಾರ್ಡಿಗೂ ಹೀಗೇ. 4060 ಕಾರ್ಡಿನ ಮಿತಿ 115 ವ್ಯಾಟ್. ಪವರ್ ಲಿಮಿಟ್ ಅನ್ನು ನೂರಕ್ಕೆ 85ಕ್ಕೆ ಇಳಿಸಿ ನೋಡಿ. ವ್ಯತ್ಯಾಸ ಹುಡುಕಿದರೂ ಕಾಣುವುದು ಕಷ್ಟ.

ಈಗ ನನ್ನ ತಕರಾರು. 18 ಲೀಟರಿನ ಕೇಸಿಗೆ 37 ಮಿ.ಮೀ. ಕೂಲರ್ ಯಾಕೆ ಹಾಕಿದರು? ಆ ಚಪ್ಪಟೆ ಕೂಲರ್ ಹುಟ್ಟಿದ್ದು ಅಂಗೈಯಗಲದ ಪೆಟ್ಟಿಗೆಗಳಿಗೆ. ಕೂಲರ್ ಮಾಸ್ಟರ್‌ನ ಎನ್‌ಆರ್200 ಥರದ 18 ಲೀಟರಿನ ಕೇಸಿನಲ್ಲಿ 155 ಮಿ.ಮೀ. ಎತ್ತರದವರೆಗೆ ಜಾಗ ಇರುತ್ತದೆ. 120 ಮಿ.ಮೀ. ಫ್ಯಾನಿನ ನಿಂತ ಕೂಲರೇ ಒಳಗೆ ಹೋಗುತ್ತದೆ. ನಿಮ್ಮ ಕೇಸಿನ ಪುಸ್ತಕದಲ್ಲಿ ಸಿಪಿಯು ಕೂಲರ್ ಎತ್ತರ ಎಷ್ಟು ಎಂದು ನೋಡಿ, ಅದಕ್ಕಿಂತ ಐದು ಮಿ.ಮೀ. ಕಡಿಮೆ ಇರುವುದನ್ನು ತಂದು ಹಾಕಿ. ದೊಡ್ಡ ಮನೆ ಕಟ್ಟಿ ಒಂದೇ ಕಿಟಕಿ ಇಟ್ಟ ಹಾಗಾಗಿದೆ ನಿಮ್ಮದು.

ಕೊನೆಗೆ ಗಾಳಿ. ಸಿಪಿಯು 88, ಕಾರ್ಡು 115, ಉಳಿದದ್ದೆಲ್ಲ ಸೇರಿ 240 ವ್ಯಾಟ್ ಅಂತ ಹಿಡಿಯಿರಿ. ಇಷ್ಟು ಶಾಖವನ್ನು ಹೊತ್ತು ಹೊರಗೆ ಹೋಗುವ ಗಾಳಿ ಬರೀ 10 ಡಿಗ್ರಿ ಬಿಸಿಯಾಗಬೇಕು ಅಂದರೆ ಸೆಕೆಂಡಿಗೆ ಸುಮಾರು 20 ಲೀಟರ್ ಗಾಳಿ ಬೇಕು. ನಿಮ್ಮ ಡಬ್ಬಿ 18 ಲೀಟರ್. ಅಂದರೆ ಹೆಚ್ಚೂಕಡಿಮೆ ಪ್ರತಿ ಸೆಕೆಂಡಿಗೂ ಒಳಗಿನ ಗಾಳಿ ಪೂರ್ತಿ ಬದಲಾಗಬೇಕು. ಕೆಳಗಿನಿಂದ ಒಳಗೆ, ಮೇಲಿನಿಂದ ಹೊರಗೆ. ಇಷ್ಟೇ ದಾರಿ. ನಡುವೆ ವೈರುಗಳ ಗಂಟು ಬೇಡ.

ಇಲ್ಲಿ ನನ್ನದೇ ಒಂದು ಅವಮಾನದ ಕಥೆ ಇದೆ. 2019ರಲ್ಲಿ ನಾನು ಮೊದಲ ಸಣ್ಣ ಡಬ್ಬಿ ಕಟ್ಟಿಕೊಂಡೆ. ಒಂದು ತಿಂಗಳು ಅದು ಕಾಯ್ದದ್ದೇ ಕಾಯ್ದದ್ದು. ಚಿಪ್ಪಿಗೂ ಕೂಲರಿಗೂ ನಡುವೆ ಹಚ್ಚುವ ಪೇಸ್ಟ್ ಬದಲಿಸಿದೆ, ಕೂಲರ್ ಬದಲಿಸಿದೆ. ಒಂದು ಸಂಜೆ ದೇವರ ಮುಂದಿನ ಊದಿನಕಡ್ಡಿ ತಂದು ಮೇಲಿನ ಜಾಲರಿ ಹತ್ತಿರ ಹಿಡಿದೆ. ಹೊಗೆ ಮೇಲೆ ಹೋಗುವ ಬದಲು ಸುರ್ರಂತ ಒಳಗೆ ಇಳಿಯಿತು! ಮೇಲಿನ ಫ್ಯಾನ್ ತಲೆಕೆಳಗಾಗಿ ಕೂತಿತ್ತು. ಕೆಳಗಿನದೂ ಒಳಗೆ ಊದುತ್ತಿತ್ತು, ಮೇಲಿನದೂ ಒಳಗೆ ಊದುತ್ತಿತ್ತು. ಫ್ಯಾನಿನಲ್ಲಿ ಅಡ್ಡಪಟ್ಟಿಗಳಿರುವ ಬದಿಯಿಂದ ಗಾಳಿ ಹೊರಬರುತ್ತದೆ ಎನ್ನುವುದು ಇಪ್ಪತ್ತು ವರ್ಷ ರಿಪೇರಿ ಮಾಡಿದವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನೋಡಿರಲಿಲ್ಲ. ನೀವೂ ಒಂದು ಊದಿನಕಡ್ಡಿ ಹಚ್ಚಿ, ಬೂದಿ ಒಳಗೆ ಬೀಳದಂತೆ ದೂರ ಹಿಡಿದು, ಎಲ್ಲಾ ಬದಿ ನೋಡಿಬಿಡಿ.

ಇನ್ನೊಂದು, ಎಡಿಟಿಂಗ್ ಮಾಡುವವರಿಗೆ ಮಾತ್ರ. ಮಿನಿ-ಐಟಿಎಕ್ಸ್ ಬೋರ್ಡುಗಳಲ್ಲಿ ಎರಡನೇ ಎಸ್‌ಎಸ್‌ಡಿ (ಫೈಲ್ ಉಳಿಸುವ ಡ್ರೈವ್) ಎಷ್ಟೋ ಸಲ ಬೋರ್ಡಿನ ಬೆನ್ನ ಹಿಂದೆ ಇರುತ್ತದೆ. ಅಲ್ಲಿ ಗಾಳಿಯೇ ಆಡುವುದಿಲ್ಲ. ದೊಡ್ಡ ಫೈಲ್ ಕಾಪಿ ಮಾಡುವಾಗ ಮೊದಲು ಓಡಿ ಆಮೇಲೆ ಕುಂಟುತ್ತಿದ್ದರೆ ಅದರ ಉಷ್ಣತೆ ನೋಡಿ. ದಿನದ ಫುಟೇಜನ್ನು ಮುಂದಿನದರಲ್ಲಿ ಇಡಿ, ಹಳೆಯ ಮದುವೆಗಳನ್ನು ಹಿಂದಿನದಕ್ಕೆ ತಳ್ಳಿ.

ಬೇಸಿಗೆಯಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುತ್ತವೆ. ನಿಮ್ಮ ಎಕ್ಸ್‌ಪೋರ್ಟೂ ಆ ವೇಳೆ ಪಾಲಿಸಲಿ. ಸಂಜೆ ತಂಪು ಅನ್ನುವುದು ಆರ್‌ಸಿಸಿ ಮನೆಯಲ್ಲಿ ಸುಳ್ಳು. ಮಾಳಿಗೆ ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿ ಎಂಟರವರೆಗೆ ಕೋಣೆಗೆ ಸುರಿಯುತ್ತಿರುತ್ತದೆ. ನಸುಕಿನ ಐದಕ್ಕೆ ಹಾಕಿ ನೋಡಿ, ಫ್ಯಾನ್ ಇದೆಯೋ ಇಲ್ಲವೋ ಅನ್ನಿಸುತ್ತದೆ.

ನಮ್ಮ ಮನೆಯಲ್ಲಿ ಎಸಿ ಇಲ್ಲ, ನೀರು ಹಾಕುವ ಏರ್ ಕೂಲರ್ ಇದೆ. ಮಗನ ಸಣ್ಣ ಕಂಪ್ಯೂಟರನ್ನು ನಮ್ಮ ಮನೆಯವರು ಸೀದಾ ಕೂಲರ್ ಮುಂದೆ ಇಟ್ಟಿದ್ದಾರೆ. ತಂಪಾಗಿರುತ್ತದೆ ಎಂದು ಅವರು. ನೀರಿನ ಗಾಳಿ ಹೊಕ್ಕು ಶಾರ್ಟ್ ಆಗುತ್ತದೆ ಎಂದು ನಾನು. ದಿನಾ ಇದೇ ಜಗಳ. ಯಾರು ಸರಿ?
— ಶಾಲಾ ಶಿಕ್ಷಕಿ, ಆಳಂದ

ಅಕ್ಕೋರೇ, ಜಗಳದಲ್ಲಿ ನನ್ನನ್ನು ನಡುವೆ ಎಳೆದಿದ್ದೀರಿ. ಇಬ್ಬರದ್ದೂ ಅರ್ಧರ್ಧ ಸರಿ.

ನಮ್ಮ ಬಿಸಿಲು ಒಣ ಬಿಸಿಲು. ಕೂಲರ್ ನಡೆಯುವುದೇ ಅದರ ಮೇಲೆ. ಹೊರಗೆ 42 ಡಿಗ್ರಿ ಇದ್ದು ಗಾಳಿಯಲ್ಲಿ ತೇವ ನೂರಕ್ಕೆ 20ರಷ್ಟಿದ್ದರೆ, ಒಳ್ಳೆಯ ಕೂಲರಿನಿಂದ ಬರುವ ಗಾಳಿ 28ರ ಹತ್ತಿರ ಇರುತ್ತದೆ. ಮೇಲಿನ ಪತ್ರದ ಲೆಕ್ಕ ಓದಿದ್ದೀರಲ್ಲ. ಕೋಣೆಯ ಗಾಳಿ 10 ಡಿಗ್ರಿ ಇಳಿದರೆ ಚಿಪ್ಪೂ 10 ಡಿಗ್ರಿ ಇಳಿಯುತ್ತದೆ. ಯಾವ ದುಬಾರಿ ಫ್ಯಾನೂ ಇಷ್ಟು ಇಳಿಸಲಾರದು. ಇಲ್ಲಿಯವರೆಗೆ ನಿಮ್ಮ ಮನೆಯವರು ಸರಿ.

ಗಾಳಿಯಲ್ಲಿರುವ ತೇವದಿಂದ ಶಾರ್ಟ್ ಆಗುತ್ತದೆಯೇ? ಇಲ್ಲ. ತಂಪು ಚೊಂಬಿನ ಹೊರಗೆ ಹನಿ ಕೂಡುವುದು ಚೊಂಬು ಗಾಳಿಗಿಂತ ತಣ್ಣಗಿರುವುದರಿಂದ. ನಡೆಯುತ್ತಿರುವ ಕಂಪ್ಯೂಟರಿನ ಒಳಗಿನ ಪ್ರತಿ ಭಾಗವೂ ಕೋಣೆಗಿಂತ ಬಿಸಿಯಾಗಿರುತ್ತದೆ. ಅಲ್ಲಿ ಹನಿ ಕೂಡುವುದಿಲ್ಲ.

ಆದರೆ ಸೀದಾ ಮುಂದೆ ಇಟ್ಟರೆ ಬರೀ ತೇವ ಅಲ್ಲ, ನೀರಿನ ಸಣ್ಣ ತುಂತುರೂ ಹಾರಿ ಬರುತ್ತದೆ. ಇಲ್ಲಿ ನೀವು ಸರಿ. ಕೂಲರಿಗೆ ಹಾಕುವುದು ಬೋರ್‌ವೆಲ್ ನೀರು. ಅದರ ಉಪ್ಪು ಕೂಲರಿನ ಹುಲ್ಲಿನ ಮೇಲೆ ಬೆಳ್ಳಗೆ ಗಟ್ಟಿಯಾಗುವುದನ್ನು ಪ್ರತಿ ವರ್ಷ ಕೆರೆದು ತೆಗೆಯುತ್ತೀರಲ್ಲ, ಅದೇ ಉಪ್ಪು ಬೋರ್ಡಿನ ಮೇಲೂ ಕೂಡುತ್ತದೆ. ಕಳೆದ ವರ್ಷ ನನ್ನ ಬಳಿ ಬಂದ ಒಂದು ಡಬ್ಬಿಯ ಫ್ಯಾನಿನ ರೆಕ್ಕೆಗಳು ಸುಣ್ಣ ಬಳಿದ ಹಾಗಿದ್ದವು. ಮೇಲೆ ಧೂಳು ಕೂತು ಸಿಮೆಂಟಿನಂತೆ ಗಟ್ಟಿಯಾಗಿತ್ತು. ಬ್ರಶ್‌ಗೆ ಬರಲಿಲ್ಲ, ಫ್ಯಾನನ್ನೇ ಬದಲಿಸಿದೆ.

ರಾಜಿ ಹೀಗೆ: ಕೂಲರ್ ಕಿಟಕಿಯಲ್ಲೇ ಇರಲಿ, ಕಂಪ್ಯೂಟರ್ ಆರೇಳು ಅಡಿ ದೂರ, ಗಾಳಿಯ ಸೀದಾ ದಾರಿಯಿಂದ ಪಕ್ಕಕ್ಕೆ ಇರಲಿ. ಎದುರಿನ ಬಾಗಿಲು ಅಥವಾ ಕಿಟಕಿ ತೆರೆದಿರಲಿ. ಮುಚ್ಚಿದ ಕೋಣೆಯಲ್ಲಿ ಕೂಲರ್ ಹಾಕಿದರೆ ಅರ್ಧ ಗಂಟೆಗೆ ತೇವ ತುಂಬಿ ತಂಪೇ ಆಗುವುದಿಲ್ಲ, ಬರೀ ಜಿಗಟು. ಮಿರಗದ ಮಳೆ ಶುರುವಾದ ಮೇಲೆ ಪಂಪ್ ಬಂದ್ ಮಾಡಿ, ಫ್ಯಾನ್ ಮಾತ್ರ ನಡೆಸಿ.

ಬೀದರಿನವನು. 10 ಲೀಟರಿನ ಅಲ್ಯೂಮಿನಿಯಂ ಕೇಸ್ ಕೊಂಡಿದ್ದೇನೆ. ಒಂದು ಬದಿ ಬೋರ್ಡು, ಇನ್ನೊಂದು ಬದಿ ಗ್ರಾಫಿಕ್ಸ್ ಕಾರ್ಡು, ಬೆನ್ನಿಗೆ ಬೆನ್ನು. ಎರಡೂ ಬದಿಯ ಜಾಲರಿ ನೋಡಲು ಸಪ್ಪೆ. ನಮ್ಮ ಓಣಿಯಲ್ಲೇ ಬಿದರಿ ಕೆಲಸ ಮಾಡುವವರಿದ್ದಾರೆ. ಒಂದು ಬದಿಗೆ ಬಿದರಿ ಫಲಕ ಮಾಡಿಸಿ ಕೂಡಿಸಬಹುದೇ? ಲೋಹವೇ ಆದ್ದರಿಂದ ಶಾಖವನ್ನೂ ಎಳೆದುಕೊಳ್ಳುತ್ತದೆ ಎಂದು ನನ್ನ ಅಂದಾಜು.
— ಖಾಸಗಿ ನೌಕರ, ಬೀದರ್

ಈ ಪತ್ರ ಓದಿ ಖುಷಿಯಾಯಿತು. ಕಪ್ಪು ಬಿದರಿಯ ಮೇಲೆ ಬೆಳ್ಳಿ ಬಳ್ಳಿ, ಒಳಗೆ ಕಂಪ್ಯೂಟರ್! ಮಾಡಿಸಿ, ಖಂಡಿತ ಮಾಡಿಸಿ. ಆದರೆ ಬದಿಗೆ ಮಾತ್ರ ಬೇಡ.

ನಿಮ್ಮ ಅಂದಾಜಿನಲ್ಲಿ ಒಂದು ಎಳೆ ನಿಜ ಇದೆ. ಬಿದರಿ ಅಂದರೆ ಹೆಚ್ಚಿನ ಪಾಲು ಸತು, ಸ್ವಲ್ಪ ತಾಮ್ರ. ಸತು ಶಾಖ ಸಾಗಿಸುತ್ತದೆ. ಅಲ್ಯೂಮಿನಿಯಂನ ಅರ್ಧದಷ್ಟು, ಆದರೆ ಸಾಮಾನ್ಯ ಉಕ್ಕಿಗಿಂತ ಎರಡು ಪಟ್ಟು. ತೊಂದರೆ ಎಲ್ಲಿ ಅಂದರೆ, ಆ ಫಲಕಕ್ಕೆ ಚಿಪ್ಪು ತಾಗಿರುವುದೇ ಇಲ್ಲ. ನಡುವೆ ಇರುವುದು ಗಾಳಿ. ನಿಂತ ಗಾಳಿ ಶಾಖವನ್ನು ಒಯ್ಯುವುದಿಲ್ಲ, ಕಂಬಳಿಯಂತೆ ಹೊದಿಸುತ್ತದೆ. ನಿಮ್ಮ ಕೇಸಿನಲ್ಲಿ ಆ ಸಪ್ಪೆ ಜಾಲರಿಯೇ ಯಂತ್ರದ ಮೂಗು. ಸಿಪಿಯು ಕೂಲರ್ ಒಂದು ಕಡೆಯಿಂದ, ಕಾರ್ಡು ಇನ್ನೊಂದು ಕಡೆಯಿಂದ ಉಸಿರು ಎಳೆಯುವುದು ಅಲ್ಲಿಂದಲೇ. ಒಂದನ್ನು ಮುಚ್ಚಿದರೆ ಹತ್ತು ನಿಮಿಷದಲ್ಲಿ ಅದು ಏದುಸಿರು ಬಿಡುತ್ತದೆ.

ನೌಬಾದಿನ ಕರೇಜ್, ಆ ಹಳೇ ನೀರಿನ ಸುರಂಗ, ನಿಮ್ಮೂರಲ್ಲೇ ಇದೆಯಲ್ಲ. ನೆಲದಡಿ ಸುರಂಗ ಕೊರೆದವರು ಅಲ್ಲಲ್ಲಿ ಮೇಲಕ್ಕೆ ಬಾವಿ ತೆರೆದದ್ದು ಮಣ್ಣು ಎತ್ತಲು ಒಂದು, ಒಳಗಿನವರಿಗೆ ಗಾಳಿ ಸಿಗಲಿ ಎಂದು ಇನ್ನೊಂದು. ಸುರಂಗ ಎಷ್ಟು ಚೆಂದ ಇದ್ದರೂ ಬಾವಿ ಮುಚ್ಚಿದ್ದರೆ ಕೆಲಸ ಸಾಗುತ್ತಿರಲಿಲ್ಲ.

ಫಲಕವನ್ನು ಮುಂಭಾಗಕ್ಕೆ ಹಾಕಿಸಿ. ನಿಮ್ಮ ಥರದ ಕೇಸುಗಳಲ್ಲಿ ಸಾಮಾನ್ಯವಾಗಿ ಮುಂದೆ ಗಾಳಿಯ ದಾರಿ ಇರುವುದಿಲ್ಲ. ಬಟನ್ನಿನ ತೂತು ಎಲ್ಲಿ ಬರಬೇಕು ಎಂದು ಎರಕ ಹೊಯ್ಯುವ ಮೊದಲೇ ಕಾಗದದ ಅಚ್ಚು ಕೊಡಿ. ತೂಕದ ಮೇಲೂ ಕಣ್ಣಿರಲಿ. ಅಷ್ಟೇ ದಪ್ಪದ ಅಲ್ಯೂಮಿನಿಯಂಗಿಂತ ಸತು ಎರಡೂವರೆ ಪಟ್ಟು ಭಾರ. ತೆಳ್ಳಗೆ ಮಾಡಿಸಿ, ಇಲ್ಲವಾದರೆ ಡಬ್ಬಿ ಮುಂದಕ್ಕೆ ಮುಗ್ಗರಿಸುತ್ತದೆ. ಕೋಟೆಯ ಮಣ್ಣಿನಿಂದ ಬಂದ ಕಪ್ಪು ಬಣ್ಣಕ್ಕೆ ಒಳಗಿನ ಶಾಖದಿಂದ ಏನೂ ಆಗುವುದಿಲ್ಲ. ಕೇಸಿನ ಮೈ 50 ಡಿಗ್ರಿ ಮುಟ್ಟಿದರೆ ಅದೇ ಜಾಸ್ತಿ.

ಜಾಲರಿ ಬಗ್ಗೆ ಮಾತು ಬಂತಲ್ಲ, ಒಂದು ಚಿಕ್ಕ ಕಸುಬು ಹೇಳುತ್ತೇನೆ. ನಿಮ್ಮ ಕೂಲರಿನ ಫ್ಯಾನಿಗೂ ಬದಿಯ ಜಾಲರಿಗೂ ನಡುವೆ ಎಷ್ಟು ಸಂದು ಇದೆ ಅಳೆಯಿರಿ. ಒಂದು ಸೆಂಟಿಮೀಟರ್ ಇದ್ದರೂ ಫ್ಯಾನ್ ಹೊರಗಿನ ಗಾಳಿಯ ಜೊತೆ, ತಾನೇ ಈಗಷ್ಟೇ ಬಿಟ್ಟ ಬಿಸಿ ಗಾಳಿಯನ್ನೂ ಪಕ್ಕದಿಂದ ಎಳೆದುಕೊಳ್ಳುತ್ತದೆ. ಆ ಸಂದನ್ನು ಫ್ಯಾನಿನ ಸುತ್ತ ಉಂಗುರದಂತೆ ಮುಚ್ಚಬೇಕು. ನೋಕ್ಟುವಾ ಕಂಪನಿ ಇದಕ್ಕೆಂದೇ ಫೋಮಿನ ಚೌಕಗಳನ್ನು ಮಾರುತ್ತದೆ. ನಾನು ಬಳಸುವುದು ಮಕ್ಕಳ ಕ್ರಾಫ್ಟಿಗೆ ಸಿಗುವ ದಪ್ಪ ಫೋಮ್ ಹಾಳೆ. ಹತ್ತು ಸೆಂಟಿಮೀಟರಿನ ಚೌಕ ಕತ್ತರಿಸಿ, ನಡುವೆ ಫ್ಯಾನಿನಷ್ಟು ತೂತು ತೆಗೆದು, ಒಂದರ ಮೇಲೊಂದು ಅಂಟಿಸಿ ಸಂದು ತುಂಬುತ್ತೇನೆ. ಕಳೆದ ಮಾರ್ಚಿನಲ್ಲಿ ಒಂದು ಡಬ್ಬಿಗೆ ಹೀಗೆ ಮಾಡಿದಾಗ 7 ಡಿಗ್ರಿ ಇಳಿಯಿತು. ಖರ್ಚು ಒಂದು ಚಹಾ, ಒಂದು ಸುಸಲಾಕ್ಕಿಂತ ಕಡಿಮೆ.

ಕಾಕಾ, ನನ್ನ ಮಿನಿ ಪಿಸಿಯನ್ನು ಫ್ರಿಜ್ ಒಳಗೆ ಇಟ್ಟು ವೈರ್ ಹೊರಗೆ ತೆಗೆದರೆ ಹೇಗೆ? ಗೇಮ್ ಆಡುವಾಗ ಮಾತ್ರ.
— ಪಿಯುಸಿ ವಿದ್ಯಾರ್ಥಿ, ಶಹಾಪುರ

ತಮ್ಮಾ, ಮೊದಲು ಅವ್ವನನ್ನು ಕೇಳಿದ್ದೀಯಾ?

ಫ್ರಿಜ್ ಇರುವುದು ಗೋಡೆಯಿಂದ ಸೋರಿ ಬರುವ ಸ್ವಲ್ಪ ಶಾಖವನ್ನೂ ನಿನ್ನೆಯ ಪಲ್ಯದ ಶಾಖವನ್ನೂ ತೆಗೆಯಲು. ಪಲ್ಯ ಒಮ್ಮೆ ತಣ್ಣಗಾದರೆ ಮುಗಿಯಿತು. ನಿನ್ನ ಯಂತ್ರ ಗೇಮ್ ಮುಗಿಯುವವರೆಗೂ ನೂರಾರು ವ್ಯಾಟ್ ಸುರಿಯುತ್ತಲೇ ಇರುತ್ತದೆ. ಕಂಪ್ರೆಸರ್ ನಿಲ್ಲದೆ ಓಡುತ್ತದೆ, ಆದರೂ ಒಳಗೆ ಬೆಚ್ಚಗಾಗುತ್ತದೆ, ಹಾಲು ಒಡೆಯುತ್ತದೆ. ಗೇಮ್ ಮುಗಿದ ಮೇಲೆ ಅಲ್ಲೇ ತಣ್ಣಗಾದ ಬೋರ್ಡನ್ನು ಹೊರಗೆ ತೆಗೆದರೆ ಆಗ ನೋಡು ಹನಿ ಕೂಡುವುದು. ಮೇಲೆ ಅಕ್ಕೋರಿಗೆ ಹೇಳಿದ ಚೊಂಬಿನ ಕಥೆ ಅಲ್ಲಿ ನಿಜವಾಗುತ್ತದೆ. ಬೇಡ. ಗೇಮಿನ ಸೆಟ್ಟಿಂಗ್‌ನಲ್ಲಿ ಫ್ರೇಮ್ ರೇಟನ್ನು, ಅಂದರೆ ಸೆಕೆಂಡಿಗೆ ಬರುವ ಚಿತ್ರಗಳ ಸಂಖ್ಯೆಯನ್ನು, 60ಕ್ಕೆ ಕಟ್ಟು. ನಿನ್ನ ಮಾನಿಟರ್ 60ರದ್ದೇ ಆಗಿದ್ದರೆ ಅದಕ್ಕಿಂತ ಜಾಸ್ತಿ ಕಾಣುವುದೂ ಇಲ್ಲ.

ಹಳ್ಳಿಯಲ್ಲಿ ಆನ್‌ಲೈನ್ ಅರ್ಜಿ, ಪಹಣಿ, ಪ್ರಿಂಟ್ ಕೆಲಸದ ಸಣ್ಣ ಅಂಗಡಿ ಇಟ್ಟಿದ್ದೇನೆ. ಎದುರಿಗೇ ಮಣ್ಣಿನ ರಸ್ತೆ. ಕರೆಂಟ್ ಆಗಾಗ ಹೋಗುತ್ತದೆ. ಹಳೇ ದೊಡ್ಡ ಕಂಪ್ಯೂಟರ್ ತೆಗೆದು ಎರಡು ಲೀಟರಿನ ಪೆಟ್ಟಿಗೆ ತರಬಹುದೇ? ಧೂಳಿಗೆ ತಡೆಯುತ್ತದೆಯೇ?
— ಯಾದಗಿರಿ ತಾಲ್ಲೂಕಿನ ಓದುಗ

ತನ್ನಿರಿ, ಯೋಚನೆ ಬೇಡ. ನಿಮ್ಮ ಕೆಲಸಕ್ಕೆ ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಡ. ಎಎಸ್‌ರಾಕ್‌ನ ಡೆಸ್ಕ್‌ಮಿನಿ ಎಕ್ಸ್300 ಥರದ, ಎರಡು ಲೀಟರಿನೊಳಗಿನ ಪೆಟ್ಟಿಗೆಗೆ ರೈಜನ್ 5 5600ಜಿ ಹಾಕಿದರೆ ಗ್ರಾಫಿಕ್ಸ್ ಅದರೊಳಗೇ ಬರುತ್ತದೆ. ಕೂಲರ್ 46 ಮಿ.ಮೀ. ದಾಟಬಾರದು, ಅಷ್ಟು ನೆನಪಿಡಿ. ಇದಕ್ಕೆ ಕರೆಂಟ್ ಲ್ಯಾಪ್‌ಟಾಪಿನ ಹಾಗೆ ಹೊರಗಿನ ಅಡಾಪ್ಟರಿನಿಂದ, 19 ವೋಲ್ಟ್, 120 ವ್ಯಾಟ್. ಶಾಖದ ಒಂದು ಪಾಲು ಡಬ್ಬಿಯ ಹೊರಗೇ ಉಳಿಯಿತು. ಅರ್ಜಿ ತುಂಬುವಂಥ ಹಗುರ ಕೆಲಸಕ್ಕೆ ಇದು ಎಳೆಯುವುದು ಬಹಳ ಕಡಿಮೆ. ಇನ್ವರ್ಟರ್ ಮೇಲೆ ನಿಮ್ಮ ಹಳೇ ಯಂತ್ರಕ್ಕಿಂತ ಎಷ್ಟೋ ಹೊತ್ತು ಜಾಸ್ತಿ ನಡೆಯುತ್ತದೆ. ಇನ್ವರ್ಟರ್ ಹೊಸದಾಗಿ ತರುವುದಾದರೆ ಪ್ಯೂರ್ ಸೈನ್ ವೇವ್ ಎಂದು ಕೇಳಿ ತನ್ನಿ. ಸ್ಕ್ವೇರ್ ವೇವ್ ಮೇಲೆ ಕೆಲವು ಒಳ್ಳೆಯ ಪವರ್ ಸಪ್ಲೈಗಳು ಕರೆಂಟ್ ಹೋದ ಕ್ಷಣಕ್ಕೇ ಮಲಗಿಬಿಡುತ್ತವೆ.

ಧೂಳಿನ ಮಾತು ಬೇರೆ. ಧೂಳು ಸಣ್ಣ ಡಬ್ಬಿಗೆ ಬೇಗ ಹತ್ತುತ್ತದೆ, ಯಾಕೆಂದರೆ ಕೂಲರಿನ ರೆಕ್ಕೆಗಳು ಒತ್ತೊತ್ತಾಗಿರುತ್ತವೆ. ಶಹಾಬಾದ್ ಫರ್ಸಿ ತಣ್ಣಗಿದೆ ಎಂದು ನೆಲದ ಮೇಲೆ ಇಡುವವರನ್ನು ನೋಡಿದ್ದೇನೆ. ಫರ್ಸಿಯ ತಂಪು ನಿಮ್ಮ ಪಾದಕ್ಕೆ, ರಬ್ಬರ್ ಕಾಲಿನ ಮೇಲೆ ನಿಂತ ಡಬ್ಬಿಗೆ ಅಲ್ಲ. ಅಲ್ಲಿ ಅದಕ್ಕೆ ಸಿಗುವುದು ಗಿರಾಕಿಗಳ ಚಪ್ಪಲಿಯ ಧೂಳು. ಎದೆಯೆತ್ತರದ ಹಲಗೆ ಹಾಕಿ, ಹಿಂದೆ ಒಂದು ಗೇಣು ಬಿಟ್ಟು ಇಡಿ. ಮೇಲೆ ಟವೆಲ್ ಹೊದಿಸಬೇಡಿ. ಗಾಳಿ ಎಳೆಯುವ ಬದಿಗೆ ಸೊಳ್ಳೆ ಪರದೆಯ ಒಂದು ತುಂಡು ಅಂಟಿಸಿ ಹದಿನೈದು ದಿನಕ್ಕೊಮ್ಮೆ ತೊಳೆದು ಒಣಗಿಸಿ. ಒಂದೇ ಪದರ ಸಾಕು, ಎರಡು ಹಾಕಿದರೆ ಗಾಳಿಗೇ ದಾರಿ ಇರುವುದಿಲ್ಲ. ಆರು ತಿಂಗಳಿಗೊಮ್ಮೆ ಬಿಚ್ಚಿ ಬ್ಲೋವರ್ ಹಿಡಿಯುವಾಗ ಫ್ಯಾನನ್ನು ಬೆರಳಿನಿಂದ ಹಿಡಿದಿರಿ. ಬ್ಲೋವರಿನ ರಭಸಕ್ಕೆ ಅದು ಗಿರಗಿಟ್ಟಿಯಂತೆ ತಿರುಗಿ ಬೇರಿಂಗ್ ಹಾಳಾಗುತ್ತದೆ. ಆ ಸದ್ದು ಕೇಳಲು ಮಜಾ ಅಂತ ನಮ್ಮ ಅಂಗಡಿಯ ಹುಡುಗ ಎರಡು ಫ್ಯಾನ್ ತೆಗೆದ.

ವಾಟರ್ ಕೂಲಿಂಗ್ ಹಾಕಿಸಿದರೆ ಕೋಣೆಯ ಬಿಸಿಲಿನ ಚಿಂತೆಯೇ ಇರುವುದಿಲ್ಲ ಎಂದು ಗೆಳೆಯರು ಹೇಳುತ್ತಾರೆ. ಸಣ್ಣ ಕೇಸಿಗೆ ಹಾಕಿಸಲೇ?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಕಲಬುರಗಿ

ಗೆಳೆಯರು ನೀರು ಅಂದ ಕೂಡಲೇ ಮಣ್ಣಿನ ಗಡಿಗೆ ನೆನೆದಿರಬೇಕು. ಗಡಿಗೆಯ ನೀರು ತಣ್ಣಗಾಗುವುದು ಮೈಯಿಂದ ಆವಿ ಹೋಗುವುದರಿಂದ. ಕಂಪ್ಯೂಟರಿನ ನೀರು ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತದೆ, ಆವಿ ಎಲ್ಲಿಂದ ಬರಬೇಕು? ಅದು ಶಾಖವನ್ನು ಚಿಪ್ಪಿನಿಂದ ರೇಡಿಯೇಟರಿಗೆ ಹೊರುವ ಹಮಾಲ ಅಷ್ಟೇ. ರೇಡಿಯೇಟರ್ ಬಿಡುವುದು ಕೋಣೆಯ ಗಾಳಿಗೇ. ಕೋಣೆ 40 ಇದ್ದರೆ ನೀರು 40ಕ್ಕಿಂತ ಕೆಳಗೆ ಎಂದೂ ಇಳಿಯದು.

65 ವ್ಯಾಟಿನ ಚಿಪ್ಪಿಗೆ ನಾನು ಬೇಡ ಅನ್ನುತ್ತೇನೆ. 120 ವ್ಯಾಟ್ ಮೇಲಿನ ಚಿಪ್ಪು, ಎತ್ತರದ ಕೂಲರಿಗೆ ಜಾಗವೇ ಇಲ್ಲದ ಕೇಸು, ಹೀಗೆ ಎರಡೂ ಕೂಡಿದರೆ ಮಾತ್ರ 240 ಮಿ.ಮೀ. ರೇಡಿಯೇಟರ್ ಹಾಕಿಸಿ. ಹಾಕಿಸಿದರೆ ರೇಡಿಯೇಟರಿನ ಮೇಲ್ತುದಿ ಪಂಪಿಗಿಂತ ಎತ್ತರದಲ್ಲಿರಲಿ. ಒಳಗಿನ ಗಾಳಿ ಗುಳ್ಳೆ ಪಂಪಿನಲ್ಲಿ ಕೂತರೆ ಗೊರಗೊರ ಸದ್ದು, ಆಮೇಲೆ ಪಂಪೇ ಹೋಗುತ್ತದೆ. ವರ್ಷಗಳು ಕಳೆದಂತೆ ಕೊಳವೆಯ ಗೋಡೆಯಿಂದ ನೀರು ಕಾಣದಂತೆ ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತದೆ. ಹೆಚ್ಚಿನವುಗಳಲ್ಲಿ ಮತ್ತೆ ತುಂಬಲು ದಾರಿ ಇಲ್ಲ. ಗಾಳಿಯ ಕೂಲರಿನಲ್ಲಿ ಕೆಡುವುದು ಫ್ಯಾನ್ ಒಂದೇ. ಅದು ನಮ್ಮೂರಲ್ಲೂ ಸಿಗುತ್ತದೆ.

ಉಳಿದ ಸಾಮಾನಿಗೆ ನಾವು ಕಲಬುರಗಿಯವರು ಬೆಂಗಳೂರಿನ ಎಸ್.ಪಿ. ರೋಡಿಗಿಂತ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿಗೆ ಹೋಗುವುದೇ ಜಾಸ್ತಿ, ರೈಲಿನಲ್ಲಿ ಬೆಳಗ್ಗೆ ಹೋಗಿ ರಾತ್ರಿ ಬರಬಹುದು. ಹೋಗುವಾಗ ಒಂದು ಸ್ಟೀಲ್ ಸ್ಕೇಲ್ ಒಯ್ಯಿರಿ. ಪವರ್ ಸಪ್ಲೈ ಎಸ್‌ಎಫ್‌ಎಕ್ಸೋ ಎಸ್‌ಎಫ್‌ಎಕ್ಸ್-ಎಲ್‌ಓ ಎಂದು ಬಾಯಲ್ಲಿ ಕೇಳಿ ಬಿಡಬೇಡಿ. ಮೊದಲನೆಯದರ ಉದ್ದ 100 ಮಿ.ಮೀ., ಎರಡನೆಯದರದ್ದು 130. ಆ 30 ಮಿಲಿಮೀಟರಿಗಾಗಿ ಮತ್ತೊಮ್ಮೆ ರೈಲು ಹತ್ತಿದವರಲ್ಲಿ ನಾನೂ ಒಬ್ಬ.

ಥರ್ಮಲ್ ಪೇಸ್ಟ್ ಎಷ್ಟು ಹಚ್ಚಬೇಕು? ಫೋಟೋ ಕಳಿಸಿದ್ದೇನೆ.
— ಓದುಗ, ಚಿತ್ತಾಪುರ

ಫೋಟೋದಲ್ಲಿ ನೀವು ಬಿಸಿ ರೊಟ್ಟಿಗೆ ಬೆಣ್ಣೆ ಸವರಿದ್ದೀರಿ. ಚಿಪ್ಪಿನ ನಡುವೆ ಒಂದು ತೊಗರಿಬೇಳೆಯಷ್ಟು ಸಾಕು. ಚಿಪ್ಪು ಅಗಲ ಇದ್ದರೆ ಎರಡು ಬೇಳೆ. ಹರಡುವ ಕೆಲಸ ಕೂಲರಿನ ಒತ್ತಡ ಮಾಡುತ್ತದೆ. ಈಗ ಹಚ್ಚಿದ್ದನ್ನು ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಪೂರ್ತಿ ಒರೆಸಿ, ಸಾಕೆಟ್ಟಿನ ಅಂಚಿಗೆ ಹರಿದದ್ದನ್ನು ಹತ್ತಿಯ ಕಡ್ಡಿಯಿಂದ ತೆಗೆಯಿರಿ. ಕೂಲರಿನ ಸ್ಕ್ರೂಗಳನ್ನು ಒಂದೊಂದಾಗಿ ಪೂರ್ತಿ ಬಿಗಿಯಬೇಡಿ. ಎದುರುಬದುರು ಮೂಲೆಗೆ ಎರಡೆರಡು ಸುತ್ತು ಹಾಕುತ್ತ ಹೋಗಿ.